ಯಿಗ್ ಒಳಗಿನ ಸ್ಪಿನ್ ಅಲೆಗಳನ್ನ ಕಂಪ್ಯೂಟರಲ್ಲಿ ನೋಡೋದು ಹೇಗೆ

ಸ್ಪಿನ್ ಅಂದ್ರೆ ಪರಮಾಣುವಿನ ಪುಟ್ಟ ಅಯಸ್ಕಾಂತ, ಅದರ ಅಲುಗಾಟ ಪಕ್ಕಪಕ್ಕದವಕ್ಕೆ ಹರಡ್ತಾ ಹೋದ್ರೆ ಅದೇ ಸ್ಪಿನ್ ಅಲೆ. ಫೆರಿಮ್ಯಾಗ್ನೆಟ್ (ಎದುರುಬದುರು ನಿಂತ ಸ್ಪಿನ್‌ಗಳು ಪೂರ್ತಿ ರದ್ದಾಗದೆ ಸ್ವಲ್ಪ ಉಳಿಯೋ ಅಯಸ್ಕಾಂತ) ಒಂದನ್ನ ಒಂದೊಂದು ಪರಮಾಣುವಿನ ಮಟ್ಟದಲ್ಲಿ ಸಿಮ್ಯುಲೇಟ್ ಮಾಡ್ಬೇಕು ಅನ್ನೋರು ಯಟ್ರಿಯಂ ಐರನ್ ಗಾರ್ನೆಟ್, ಅಂದ್ರೆ ಯಿಗ್‌ನಿಂದಲೇ ಶುರು ಮಾಡಿ, ಅಳತೆ ಮಾಡಿಟ್ಟ ಡೇಟಾ ಬೇಕಾದಷ್ಟಿದೆ, ತಾಳೆ ನೋಡ್ಕೋಬಹುದು. ಕೋಡ್‌ಗೆ ಯಾರ್ಕ್ ವಿಶ್ವವಿದ್ಯಾಲಯದವರ ವ್ಯಾಂಪೈರ್ ಅನ್ನೋ ಸಿಮ್ಯುಲೇಶನ್ ಪ್ರೋಗ್ರಾಂ ಸಾಕು.

ಮೊದಲು ಯೂನಿಟ್ ಸೆಲ್, ಅಂದ್ರೆ ಹರಳಲ್ಲಿ ಮತ್ತೆ ಮತ್ತೆ ಬರೋ ಚಿಕ್ಕ ಪೆಟ್ಟಿಗೆ. ಅಂಚು 12.376 ಆಂಗ್‌ಸ್ಟ್ರಾಂ, ಒಳಗೆ 160 ಪರಮಾಣು, ಆದ್ರೆ ನಮಗೆ ಬೇಕಿರೋದು ಅಯಸ್ಕಾಂತ ಗುಣ ಇರೋ 40 ಕಬ್ಬಿಣ ಮಾತ್ರ. 24 ಟೆಟ್ರಾಹೆಡ್ರಲ್ (ಸುತ್ತ 4 ಆಮ್ಲಜನಕ ಇರೋ) ಜಾಗದಲ್ಲಿ, 16 ಆಕ್ಟಾಹೆಡ್ರಲ್ (ಸುತ್ತ 6 ಆಮ್ಲಜನಕ ಇರೋ) ಜಾಗದಲ್ಲಿ, ಎರಡು ಗುಂಪೂ ಎದುರುಬದುರು, ಒಂದೊಂದಕ್ಕೆ 5 ಬೋರ್ ಮ್ಯಾಗ್ನೆಟಾನ್ (ಪರಮಾಣುವಿನ ಅಯಸ್ಕಾಂತ ಬಲದ ಅಳತೆ) ಅಂತ ಹಿಡಿದ್ರೆ ಕಳೆದು ಉಳಿಯೋದು 40. ಆಮೇಲೆ ನೆರೆಹೊರೆ ಪಟ್ಟಿ ಎಣಿಸಿ: ಟೆಟ್ರಾಹೆಡ್ರಲ್ ಕಬ್ಬಿಣಕ್ಕೆ ಆ ಕಡೆಯವರು 4 ಜನ, ಆಕ್ಟಾಹೆಡ್ರಲ್‌ಗೆ 6, ಯಾವ ಕಡೆಯಿಂದ ಗುಣಿಸಿದ್ರೂ 96 ಜೋಡಿ ಬರ್ಬೇಕು, ಬರ್ಲಿಲ್ಲ ಅಂದ್ರೆ ಪೀರಿಯಾಡಿಕ್ ಬೌಂಡರಿಯಲ್ಲೇ (ಪೆಟ್ಟಿಗೆಯ ಒಂದು ಅಂಚನ್ನ ಎದುರು ಅಂಚಿಗೆ ಜೋಡಿಸೋದ್ರಲ್ಲಿ) ಎಲ್ಲೋ ಎಡವಟ್ಟಾಗಿದೆ.

ಜನ ಜಾಸ್ತಿ ಸಿಕ್ಕಿಹಾಕ್ಕೊಳ್ಳೋದು ಎಕ್ಸ್‌ಚೇಂಜ್ ಬೆಲೆಯಲ್ಲಿ, ಅಂದ್ರೆ ಪಕ್ಕದ ಸ್ಪಿನ್‌ಗಳು ಒಂದನ್ನೊಂದು ಎಷ್ಟು ಜೋರಾಗಿ ಹಿಡಿದಿವೆ ಅನ್ನೋ ಸಂಖ್ಯೆಯಲ್ಲಿ. ಒಬ್ಬರ ಪೇಪರಲ್ಲಿ ಪ್ರತಿ ಜೋಡಿನ ಒಂದ್ಸಲ ಎಣಿಸಿರ್ತಾರೆ, ಇನ್ನೊಬ್ಬರು ಎರಡ್ಸಲ, ಪ್ಲಸ್ ಮೈನಸ್ಸೂ ಅವರವರ ಇಷ್ಟ, ಅದನ್ನ ನೋಡದೆ ಹಾಗೇ ಕಾಪಿ ಹೊಡೆದ್ರೆ ಕ್ಯೂರಿ ತಾಪಮಾನ (ಅಯಸ್ಕಾಂತ ಗುಣ ಹೋಗೋ ತಾಪಮಾನ) 559 ಕೆಲ್ವಿನ್ ಆಸುಪಾಸು ಬರೋ ಬದಲು ಅರ್ಧಕ್ಕೋ ಡಬಲ್ಲಿಗೋ ಹೋಗಿ ಕೂರತ್ತೆ.

ಅದು ಸರಿಯಾದ್ಮೇಲೆ ತಾಪಮಾನ ಸೊನ್ನೆ, 1 ಟೆಸ್ಲಾ ಫೀಲ್ಡ್, ಡ್ಯಾಂಪಿಂಗ್ (ಸುತ್ತಾಟ ಎಷ್ಟು ಬೇಗ ತಣ್ಣಗಾಗತ್ತೆ ಅನ್ನೋದು) 0.0001, ಟೈಮ್ ಸ್ಟೆಪ್ 1 ಫೆಮ್ಟೊಸೆಕೆಂಡ್ ಇಟ್ಟು ಎಲ್ಲಾ ಸ್ಪಿನ್‌ಗಳನ್ನ ಒಟ್ಟಿಗೇ ಸ್ವಲ್ಪ ವಾಲಿಸಿ ಬಿಡಿ. 28 ಗಿಗಾಹರ್ಟ್ಸ್‌ನಲ್ಲಿ ಸುತ್ತಬೇಕು, ಅಂದ್ರೆ ಒಂದು ಸುತ್ತಿಗೆ ಸುಮಾರು 36 ಪಿಕೊಸೆಕೆಂಡ್.

ಪೂರ್ತಿ ಸ್ಪೆಕ್ಟ್ರಮ್ ಬೇಕಂದ್ರೆ ತಾಪಮಾನ ಕೊಟ್ಟು ಸ್ಪಿನ್‌ಗಳ ಲೆಕ್ಕ ಸೇವ್ ಮಾಡ್ತಾ ಜಾಗ ಮತ್ತು ಕಾಲ ಎರಡರಲ್ಲೂ ಫೋರಿಯರ್ (ಕಲಸಿದ ಅಲೆಗಳನ್ನ ಬಿಡಿಸಿ ತೋರಿಸೋ ಗಣಿತ) ಮಾಡಿ. 1 ಗಿಗಾಹರ್ಟ್ಸ್ ಬಿಡಿಬಿಡಿಯಾಗಿ ಕಾಣ್ಬೇಕಂದ್ರೆ 1 ನ್ಯಾನೊಸೆಕೆಂಡ್ ಓಡಿಸಲೇಬೇಕು. ಫೋರಿಯರ್‌ಗೆ ಸ್ಪಿನ್‌ನ ಬರೀ ಎಕ್ಸ್ ಭಾಗ ಕೊಡ್ಬೇಡಿ, ಎಕ್ಸ್ ಜೊತೆ ವೈ ಭಾಗನ ಐ (ಮೈನಸ್ ಒಂದರ ವರ್ಗಮೂಲ) ಇಂದ ಗುಣಿಸಿ ಕೂಡಿಸಿ ಕೊಡಿ. ಆಗ ಬಲಕ್ಕೆ ಸುತ್ತೋ ಅಲೆ ಸೊನ್ನೆಯ ಒಂದು ಪಕ್ಕ, ಎಡಕ್ಕೆ ಸುತ್ತೋದು ಇನ್ನೊಂದು ಪಕ್ಕ ಬೀಳತ್ತೆ. ಫೆರಿಮ್ಯಾಗ್ನೆಟ್‌ನ ಮಜಾ ಇರೋದೇ ಇಲ್ಲಿ, ಕಡಿಮೆ ಆವರ್ತನದ ಅಕೌಸ್ಟಿಕ್ ಮೋಡ್ (ಮೋಡ್ ಅಂದ್ರೆ ಅಲೆಯ ಒಂದು ಬಗೆ) ಸುತ್ತೋದು ಒಂದು ದಿಕ್ಕು, ಟೆರಾಹರ್ಟ್ಸ್ ಮಟ್ಟದ ಆಪ್ಟಿಕಲ್ ಮೋಡ್ ಅದರ ವಿರುದ್ಧ ದಿಕ್ಕು. ಪ್ರಯೋಗದಲ್ಲೂ 2020ರಲ್ಲಿ ನ್ಯೂಟ್ರಾನ್ ಹಾಯಿಸಿ ಇದನ್ನ ಕಂಡಿದ್ದಾರೆ.

ಆದ್ರೆ ಪೀಕ್‌ಗಳ ಎತ್ತರ ನಂಬೋಕೆ ಹೋಗ್ಬೇಡಿ. ಮಾಮೂಲಿ ಥರ್ಮೋಸ್ಟಾಟ್ (ಸಿಮ್ಯುಲೇಶನ್‌ಗೆ ತಾಪಮಾನ ಕೊಡೋ ಲೆಕ್ಕ) ಎಲ್ಲಾ ಮೋಡ್‌ಗೂ ಸಮನಾಗಿ ಶಕ್ತಿ ಹಂಚತ್ತೆ, ರೂಮ್ ತಾಪಮಾನದ ಶಕ್ತಿ ಸುಮಾರು 6 ಟೆರಾಹರ್ಟ್ಸ್‌ಗೆ ಸಮ, ಹಾಗಾಗಿ ಅದಕ್ಕಿಂತ ಮೇಲಿನವು ನಿಜಕ್ಕಿಂತ ಜೋರಾಗಿ ಕಾಣ್ತವೆ. ಎತ್ತರವೂ ಬೇಕಂದ್ರೆ ಪ್ಲಾಂಕ್ ಹಂಚಿಕೆ (ಮೇಲಿನ ಮೋಡ್‌ಗೆ ಕಡಿಮೆ ಶಕ್ತಿ ಕೊಡೋ ಕ್ವಾಂಟಮ್ ನಿಯಮ) ಪ್ರಕಾರ ಸ್ಪಿನ್‌ಗಳಿಗೆ ನಾಯ್ಸ್ ಹಾಕೋ ಕ್ವಾಂಟಮ್ ಥರ್ಮೋಸ್ಟಾಟ್ ಬಳಸಿ.