ಸಾಫ್ಟ್ ವಿಟರ್ಬಿ ಡಿಕೋಡರ್‌ನ ಲಾಭ ಎಲ್ಲಿ ಸೋರಿಹೋಗುತ್ತಿತ್ತು: ನನ್ನ ಅನುಭವ

1977ರಲ್ಲಿ ಹಾರಿದ ವಾಯೇಜರ್ ನೌಕೆಗಳಲ್ಲಿರುವಂಥದೇ ಕನ್ವಲ್ಯೂಷನಲ್ ಕೋಡ್ (ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ತಿದ್ದಲು ಹೆಚ್ಚುವರಿ ಬಿಟ್ ಸೇರಿಸುವ ವಿಧಾನ; ಅದನ್ನು ಬಿಡಿಸುವುದು ವಿಟರ್ಬಿ ಡಿಕೋಡರ್): ಕನ್‌ಸ್ಟ್ರೇಂಟ್ ಲೆಂತ್ 7, ಅಂದರೆ ಪ್ರತಿ ಔಟ್‌ಪುಟ್ 7 ಇನ್‌ಪುಟ್ ಬಿಟ್‌ಗಳನ್ನು ನೋಡುತ್ತದೆ; ದರ 1/2, ಅಂದರೆ ಒಂದು ಬಿಟ್‌ಗೆ ಎರಡು ಬಿಟ್ ಕಳಿಸುತ್ತದೆ. ಇದಕ್ಕೆ ಸಾಫ್ಟ್ ಡಿಸಿಷನ್ (ಪ್ರತಿ ಬಿಟ್ ಎಷ್ಟು ಖಚಿತ ಎಂಬುದನ್ನೂ ಡಿಕೋಡರ್‌ಗೆ ಕೊಡುವುದು) ಬಳಸಿದರೆ, ಬರೀ 0 ಅಥವಾ 1 ಕೊಡುವ ಹಾರ್ಡ್‌ಗಿಂತ ಸುಮಾರು 2 ಡಿಬಿ ಲಾಭ ಸಿಗಬೇಕು. ನಮ್ಮ ರಿಸೀವರ್‌ನಲ್ಲಿ ಎರಡರ ತಪ್ಪಿನ ಪ್ರಮಾಣದ ಗೆರೆಗಳೂ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿದ್ದವು.

ಮೊದಲು ಕ್ವಾಂಟೈಸರ್ (ಸಿಗ್ನಲ್ ಮೌಲ್ಯವನ್ನು ಕೆಲವೇ ಮಟ್ಟಗಳಿಗೆ ಇಳಿಸುವ ಭಾಗ) ತೆಗೆದು ಫ್ಲೋಟಿಂಗ್ ಪಾಯಿಂಟ್ ಮೌಲ್ಯಗಳನ್ನೇ ನೇರ ಕೊಟ್ಟೆ. ಲಾಭ ಪೂರ್ತಿ ಬಂತು! ಅಂದರೆ ಡಿಕೋಡರ್ ಒಳಗಿನ ಟ್ರೆಲಿಸ್, ಟ್ರೇಸ್‌ಬ್ಯಾಕ್ ಎಲ್ಲ ಸರಿ. ಆಮೇಲೆ 3 ಬಿಟ್ ಕ್ವಾಂಟೈಸರ್‌ನ ಔಟ್‌ಪುಟ್‌ಗೆ ಹಿಸ್ಟೋಗ್ರಾಂ ಹಾಕಿದಾಗ ಗುಟ್ಟು ಬಯಲಾಯಿತು. ಬಹುತೇಕ ಎಲ್ಲ ಸ್ಯಾಂಪಲ್‌ಗಳೂ 0 ಅಥವಾ 7. ನಡುವಿನ ಆರು ಮಟ್ಟಗಳು ಖಾಲಿ ಖಾಲಿ. ಎಜಿಸಿ (ಸಿಗ್ನಲ್ ಮಟ್ಟವನ್ನು ತಾನಾಗಿ ಹೊಂದಿಸುವ ಭಾಗ) ಸಿಗ್ನಲ್ಲನ್ನು ಅಷ್ಟು ಎತ್ತರಿಸಿ ಕೊಡುತ್ತಿತ್ತು. 'ಖಂಡಿತ ಒಂದು' ಮತ್ತು 'ಬಹುಶಃ ಒಂದು' ಎರಡಕ್ಕೂ ಒಂದೇ ಅಂಕ ಬಿದ್ದರೆ ಡಿಕೋಡರ್‌ಗೆ ಉಳಿಯುವುದು ಬರೀ ಚಿಹ್ನೆ. ಅದೇ ಅಲ್ಲವೇ ಹಾರ್ಡ್ ಡಿಸಿಷನ್?

ಪರಿಹಾರ ಚಿಕ್ಕದು. ಕ್ವಾಂಟೈಸರ್‌ನ ಹೆಜ್ಜೆಯನ್ನು ಪೂರ್ಣ ಸ್ಕೇಲ್‌ಗೆ ಕಟ್ಟದೆ ನಾಯ್ಸ್‌ನ ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ ಕಟ್ಟಿದೆ, ಅದರ ಅರ್ಧಕ್ಕಿಂತ ತುಸು ಹೆಚ್ಚು. ಕೋಡ್ ಕೆಲಸ ಮಾಡಬೇಕಾದ ಅತಿ ಕಡಿಮೆ ಎಸ್‌ಎನ್‌ಆರ್‌ನಲ್ಲಿ (ಸಿಗ್ನಲ್-ನಾಯ್ಸ್ ಅನುಪಾತ) ಈ ಅಳತೆ ತೆಗೆಯಿರಿ. ಹೊರಗಿನ ಎರಡು ಮಟ್ಟಗಳಿಗೆ ಆಗಲೂ ಸಾಕಷ್ಟು ಸ್ಯಾಂಪಲ್‌ಗಳು ಬೀಳುತ್ತವೆ, ಗಾಬರಿ ಬೇಡ. ಸರಿಯಾಗಿ ಕೂರಿಸಿದ 3 ಬಿಟ್‌ಗಳಿಂದ ಆಗುವ ನಷ್ಟ ಕಾಲು ಡಿಬಿಯಷ್ಟೇ. ನಮ್ಮ ಗೆರೆಯೂ ಅಲ್ಲಿಗೇ ಬಂದು ನಿಂತಿತು.

ಎಲ್‌ಡಿಪಿಸಿ (ಇನ್ನೊಂದು ಬಗೆಯ ತಪ್ಪು ತಿದ್ದುವ ಕೋಡ್) ಮಾಡುವವರಿಗೆ ಒಂದು ಮಾತು: ಅದರ ಡಿಕೋಡಿಂಗ್ ವಿಧಾನಗಳಲ್ಲಿ ಮಿನ್-ಸಮ್‌ಗೆ ಇನ್‌ಪುಟ್‌ನ ಸ್ಕೇಲ್ ಮುಖ್ಯವಲ್ಲ, ಆದರೆ ಸಮ್-ಪ್ರಾಡಕ್ಟ್‌ಗೆ ನಾಯ್ಸ್ ವೇರಿಯನ್ಸ್ ಸರಿಯಾಗಿಯೇ ಬೇಕು.