ಬೆಲ್ಲ, ಅಗರಬತ್ತಿ ಆನ್‌ಲೈನ್‌ನಲ್ಲಿ ಮಾರುವವರಿಗೆ: ಕಾರ್ಟ್ ಆರಿಸುವ ಮುಂಚೆ
ಮಂಡ್ಯದ ಬೆಲ್ಲ ಇರಲಿ, ಮೈಸೂರಿನ ಅಗರಬತ್ತಿ ಇರಲಿ, ಶಾಪಿಂಗ್ ಕಾರ್ಟ್ (ಆನ್‌ಲೈನ್ ಅಂಗಡಿ ನಡೆಸುವ ಸಾಫ್ಟ್‌ವೇರ್) ಆರಿಸುವಾಗ ತಿಂಗಳ ಬಾಡಿಗೆಯೊಂದನ್ನೇ ನೋಡಬೇಡಿ. ಗಿರಾಕಿಯ ಹಣವನ್ನು ನಿಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇಯ ಶುಲ್ಕ 2% ಅಂದರೆ ₹500ರ ಆರ್ಡರಿಗೆ ₹10, ಅದರ ಮೇಲೆ 18% ಜಿಎಸ್‌ಟಿ, ಒಟ್ಟು ₹11.80. ಕೆಲವು ಕಾರ್ಟ್‌ಗಳು ಇದರ ಮೇಲೆ ತಮ್ಮ ಕಮಿಷನ್ನೂ ಹಾಕುತ್ತವೆ, ಮೊದಲೇ ಕೇಳಿ. ವರ್ಡ್‌ಪ್ರೆಸ್ ಸೈಟಿಗೆ ಸೇರಿಸುವ ವೂಕಾಮರ್ಸ್ ಎಂಬ ಕಾರ್ಟ್ ಉಚಿತ, ಆದರೆ ಹೋಸ್ಟಿಂಗ್ (ಸೈಟ್ ಇಡುವ ಸರ್ವರ್ ಜಾಗ), ಅಪ್‌ಡೇಟ್, ಬ್ಯಾಕಪ್ ನಿಮ್ಮ ತಲೆ ಮೇಲೆ. ನೋಡಿಕೊಳ್ಳುವವರು ಇಲ್ಲದಿದ್ದರೆ ಬಾಡಿಗೆ ಕಾರ್ಟೇ ವಾಸಿ.

ಹೆಚ್ಚು ಪೆಟ್ಟು ಬೀಳುವುದು ಕೊರಿಯರ್‌ನಲ್ಲಿ. ಡಬ್ಬಿಯ ಉದ್ದ, ಅಗಲ, ಎತ್ತರ ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿ ಕೆಜಿ ತೂಕ ತೆಗೆಯುವುದು ಸಾಮಾನ್ಯ ಲೆಕ್ಕ, ಅದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ದರ. ಒಂದು ಕೆಜಿ ಬೆಲ್ಲವನ್ನು 30×20×20 ಡಬ್ಬಿಗೆ ಹಾಕಿದರೆ 2.4 ಕೆಜಿ ದರ ಬೀಳುತ್ತದೆ, 20×15×10 ಸಾಕು. ಡಬ್ಬಿಯ ಅಳತೆ ತುಂಬಲು ಜಾಗವಿಲ್ಲದ, ಪಿನ್‌ಕೋಡ್‌ವಾರು ದರ ಹಾಕದ ಕಾರ್ಟ್ ಬೇಡವೇ ಬೇಡ. ಕ್ಯಾಶ್ ಆನ್ ಡೆಲಿವರಿಯನ್ನು ಬೇಕಾದ ಪಿನ್‌ಕೋಡ್‌ಗೆ ಮಾತ್ರ ಬಿಡುವ ಸೌಲಭ್ಯವೂ ಇರಲಿ, ವಾಪಸ್ ಬಂದ ಪಾರ್ಸಲ್ಲಿಗೆ ಎರಡೂ ಕಡೆಯ ಬಾಡಿಗೆ ನಿಮ್ಮದೇ.

ಅಂಗಡಿ ತೆರೆಯುವ ಮುಂಚೆ ₹1ರ ಉತ್ಪನ್ನ ಹಾಕಿ ಯುಪಿಐನಲ್ಲಿ ಕಟ್ಟಿ, ಹಣ ಹೋದ ತಕ್ಷಣ ಬ್ರೌಸರ್ ಮುಚ್ಚಿಬಿಡಿ. ಆರ್ಡರ್ 'ಪೆಂಡಿಂಗ್' ಅಂತಲೇ ನಿಂತರೆ ವೆಬ್‌ಹುಕ್ (ಹಣ ಬಂತೆಂದು ಗೇಟ್‌ವೇ ನೇರವಾಗಿ ಕಾರ್ಟಿಗೆ ಕಳಿಸುವ ಸಂದೇಶ) ಸಾಮಾನ್ಯವಾಗಿ ಸರಿಯಾಗಿ ಹಾಕಿಲ್ಲ ಅಂತ ಅರ್ಥ. ಹೀಗೇ ಬಿಟ್ಟರೆ ಗಿರಾಕಿಯ ದುಡ್ಡು ಬಂದಿರುತ್ತದೆ, ಪಾರ್ಸಲ್ ಹೊರಟಿರುವುದಿಲ್ಲ. ಡೊಮೇನ್ (ಸೈಟಿನ ವಿಳಾಸ) ಮಾತ್ರ ನಿಮ್ಮ ಹೆಸರಲ್ಲೇ, ನಿಮ್ಮ ಇಮೇಲ್‌ನಲ್ಲೇ ಕೊಳ್ಳಿ.