ಇಸ್ಪೀಟ್ ಎಲೆ ಹಿಡಿದು ವರ್ಕಿಂಗ್ ಮೆಮೊರಿಯನ್ನು ಗಮನಿಸುವುದು ಹೇಗೆ?

ಯಾರೋ ಫೋನ್ ನಂಬರ್ ಹೇಳುತ್ತಾರೆ. ಪೆನ್ ಸಿಗುವವರೆಗೆ ಅದನ್ನೇ ಬಾಯಲ್ಲಿ ಗುನುಗುತ್ತಿರುತ್ತೇವೆ. ಬರೆದುಕೊಂಡ ಮರುಗಳಿಗೆ ಮರೆತೇ ಹೋಗುತ್ತದೆ. ಬೇಕಾದಷ್ಟು ಹೊತ್ತು ಹಿಡಿದಿಟ್ಟುಕೊಂಡು ಕೆಲಸ ಮುಗಿಸುವ ಈ ನೆನಪೇ ವರ್ಕಿಂಗ್ ಮೆಮೊರಿ. ಮೆದುಳಿನಲ್ಲಿ ಇದಕ್ಕೆಂದು ಪ್ರತ್ಯೇಕ ಡಬ್ಬಿ ಇಲ್ಲ. ನರಕೋಶಗಳ ಹಲವು ಜಾಲಗಳು ಕೈಜೋಡಿಸಿದರಷ್ಟೇ ಇದು ನಡೆಯುತ್ತದೆ. ಅದನ್ನು ನೀವೇ ಮಾಡಿ ನೋಡಬಹುದು. ಒಂದು ಕಟ್ಟು ಇಸ್ಪೀಟ್ ಎಲೆ, 10 ನಿಮಿಷ ಸಾಕು.

ಹೆಜ್ಜೆ 1: 2ರಿಂದ 10ರವರೆಗಿನ ಎಲೆ ಮಾತ್ರ ಇಟ್ಟುಕೊಂಡು ಚೆನ್ನಾಗಿ ಕಲಸಿ. ಒಂದೊಂದಾಗಿ ತೆರೆದು, ಹಿಂದಿನದು ಕಾಣದಂತೆ ಅದರ ಮೇಲೇ ಹಾಕುತ್ತಾ ಹೋಗಿ. ಪ್ರತಿ ಸಲ ಹಿಂದಿನ ಎಲೆಯ ಸಂಖ್ಯೆ ಹೇಳಿ. ಸುಲಭ ಅಲ್ವಾ?

ಹೆಜ್ಜೆ 2: ಈಗ ಎರಡು ಎಲೆ ಹಿಂದಿನದನ್ನು ಹೇಳಿ. ಕೆಲಸ ಶುರುವಾಗುವುದೇ ಇಲ್ಲಿ. 5, 9, 2 ಬಂದಿವೆ ಎನ್ನಿ. 2 ಕಂಡಾಗ ನೀವು ‘ಐದು’ ಎಂದಿರಿ. ಆಮೇಲೆ 7 ಬಂತು. ಈಗ ‘ಒಂಬತ್ತು’ ಎನ್ನಬೇಕು, ಹೇಳಿ ಮುಗಿದ 5ನ್ನು ಬಿಡಬೇಕು, 2 ಮತ್ತು 7ನ್ನು ಕ್ರಮ ತಪ್ಪದೆ ಹಿಡಿದುಕೊಳ್ಳಬೇಕು. ಎಲ್ಲವೂ ಒಂದೆರಡು ಸೆಕೆಂಡಿನಲ್ಲಿ.

ಆ ಒಂದೆರಡು ಸೆಕೆಂಡಿನಲ್ಲಿ ಹಣೆಯ ಹಿಂದಿರುವ ಪ್ರಿಫ್ರಂಟಲ್ ಭಾಗವು ‘ಎರಡು ಹಿಂದಿನದು’ ಎಂಬ ನಿಯಮವನ್ನು ಜೀವಂತವಾಗಿ ಇಡುತ್ತದೆ. ನೆತ್ತಿಯ ಹಿಂಬದಿಯ ಪರೈಟಲ್ ಭಾಗವು ಯಾವುದು ಮೊದಲು, ಯಾವುದು ಆಮೇಲೆ ಎಂಬುದರ ಮೇಲೆ ಗಮನ ನಿಲ್ಲಿಸುತ್ತದೆ. ಈ ಎರಡೂ ಸೇರಿದ್ದು ಫ್ರಂಟೋ-ಪರೈಟಲ್ ಜಾಲ. ಮೆದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಬಾಗಿಲು ಕಾಯುತ್ತದೆ: ಹೊಸದನ್ನು ಒಳಗೆ ಬಿಡುವಾಗ ತೆರೆಯುತ್ತದೆ, ಇದ್ದದ್ದನ್ನು ಕಾಪಾಡುವಾಗ ಮುಚ್ಚುತ್ತದೆ. ತಪ್ಪಾಗಿ 5 ಎಂದೇ ಮತ್ತೆ ಹೇಳಿದಿರಾ? ನೆನಪು ಹೋಗಿಲ್ಲ, ಹಳೆಯದನ್ನು ಹೊರಗೆ ಕಳಿಸಲು ಆಗಿಲ್ಲ. ನಮ್ಮ ಎಷ್ಟೋ ‘ಮರೆವು’ ಇಂಥದ್ದೇ ಎಂದು ನನಗನ್ನಿಸುತ್ತದೆ.

ಕಣ್ಣಿಗೆ ಕಾಣದ್ದನ್ನು ಮೆದುಳು ಹಿಡಿದಿಡುವುದಾದರೂ ಹೇಗೆ? ಮೊದಲ ಸುಳಿವು ಸಿಕ್ಕಿದ್ದು 1971ರಲ್ಲಿ. ವಿಜ್ಞಾನಿಗಳು ಕೋತಿಗೆ ತಿಂಡಿ ತೋರಿಸಿ, ಮುಚ್ಚಿಟ್ಟು, ಸ್ವಲ್ಪ ಹೊತ್ತು ಕಾಯಿಸಿದರು. ಕಾಯುವಷ್ಟು ಹೊತ್ತೂ ಪ್ರಿಫ್ರಂಟಲ್ ಭಾಗದ ಕೆಲವು ನರಕೋಶಗಳು ಮಿಡಿಯುತ್ತಲೇ ಇದ್ದವು. ಎದುರಿಗೆ ಏನೂ ಇಲ್ಲ, ಆದರೂ ಒಳಗೆ ಅದು ಆರಿಲ್ಲ. ಇದನ್ನು ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಹೆಜ್ಜೆ 3: ಈಗ ಉತ್ತರಗಳನ್ನು ಬರೆಯುತ್ತಾ ಹೋಗಿ, ಬಾಯಲ್ಲಿ ಬಿಡದೆ ‘ಲಲಲಲ’ ಎನ್ನುತ್ತಿರಿ. ಥಟ್ಟನೆ ಕಷ್ಟವಾಗುತ್ತದೆ. ಇಲ್ಲಿಯವರೆಗೆ ಸಂಖ್ಯೆಗಳನ್ನು ಒಳದನಿಯಲ್ಲಿ ಗುನುಗುತ್ತಿದ್ದಿರಿ, ಮಾತಿನ ಜಾಲ ಸಹಾಯಕ್ಕೆ ನಿಂತಿತ್ತು. ಅದಕ್ಕೆ ಬೇರೆ ಕೆಲಸ ಹಚ್ಚಿದ ಕೂಡಲೇ ಭಾರವೆಲ್ಲ ಉಳಿದ ಜಾಲಗಳ ಮೇಲೆ ಬಿತ್ತು.

ಹೆಜ್ಜೆ 4: ‘ಲಲಲ’ ನಿಲ್ಲಿಸಿ, ಎರಡು ಎಲೆ ಹಿಂದಿನದನ್ನೇ ಹೇಳುತ್ತಾ ಸುಮ್ನೆ ಇನ್ನೂ 20 ಎಲೆ ತೆರೆಯಿರಿ. ನಡುವೆ ಎಲ್ಲೋ ಮನಸ್ಸು ಬೇರೆ ಕಡೆ ಜಾರುತ್ತದೆ. ನಿನ್ನೆಯ ಮಾತು, ನಾಳೆಯ ಕೆಲಸ. ಇದು ಡಿಫಾಲ್ಟ್ ಮೋಡ್ ಜಾಲದ, ಅಂದರೆ ಮನಸ್ಸು ಅಲೆಯುವಾಗ ಚುರುಕಾಗುವ ಜಾಲದ ಕೆಲಸ. ಗಮನದ ಕೆಲಸ ಜಾಸ್ತಿಯಾದಾಗ ಸಾಮಾನ್ಯವಾಗಿ ಈ ಜಾಲ ತಗ್ಗುತ್ತದೆ, ಸಡಿಲವಾದಾಗ ಏಳುತ್ತದೆ. ‘ಅಯ್ಯೋ, ತಪ್ಪಿತು’ ಎಂದು ಎಚ್ಚರವಾಗುತ್ತದಲ್ಲ, ಆ ಕ್ಷಣವನ್ನು ಗಮನಿಸಿ. ಮೆದುಳಿನ ಇನ್ಸುಲಾ ಮತ್ತು ಸಿಂಗ್ಯುಲೇಟ್ ಎಂಬ ಭಾಗಗಳ ಸೇಲಿಯೆನ್ಸ್ ಜಾಲ (ಮುಖ್ಯವಾದದ್ದನ್ನು ಗುರುತಿಸುವ ಜಾಲ) ತಪ್ಪನ್ನು ಹಿಡಿದು, ಗಮನವನ್ನು ಮತ್ತೆ ಎಲೆಯ ಕಡೆಗೆ ತಿರುಗಿಸುವುದು ಆಗಲೇ.

ಹೆಜ್ಜೆ 5: ಮೂರು, ನಾಲ್ಕು ಎಲೆ ಹಿಂದಕ್ಕೆ ಹೋಗಿ. ಬಹಳ ಜನ ಇಲ್ಲಿ ಕೈಚೆಲ್ಲುತ್ತಾರೆ. ಗುನುಗದೆ, ಜೋಡಿಸಿಕೊಳ್ಳದೆ ಹಿಡಿಯಬಹುದಾದದ್ದು ಸುಮಾರು 4 ಸಂಗತಿ ಮಾತ್ರ. ಆದ್ದರಿಂದ ಬೇಜಾರು ಬೇಡ. ಹತ್ತಂಕಿಯ ನಂಬರನ್ನು ಮೂರು ತುಂಡು ಮಾಡಿ ಹೇಳುವುದು, ಲೆಕ್ಕದ ನಡುವಿನ ಉತ್ತರವನ್ನು ಕಾಗದದ ಮೇಲೆ ಬರೆದಿಡುವುದು, ಇವು ಸೋಮಾರಿತನವಲ್ಲ. ಮಕ್ಕಳಿಗೆ ಒಂದೇ ಉಸಿರಿಗೆ ಐದು ಕೆಲಸ ಹೇಳಿ ಆಮೇಲೆ ಗದರುವವರು ಇದನ್ನು ದಯವಿಟ್ಟು ನೆನಪಿಡಿ. ಗದರಿದರೆ ಇನ್ನೂ ಕೆಡುತ್ತದೆ. ಭಯ, ಒತ್ತಡ ಹೆಚ್ಚಾದಾಗ ಮೊದಲು ಸೊರಗುವುದು ಪ್ರಿಫ್ರಂಟಲ್ ಭಾಗವೇ.

ದಿನಾ ಆಡಿದರೆ ಈ ಆಟದಲ್ಲಿ ಖಂಡಿತ ಪಳಗುತ್ತೀರಿ. ಅದರಿಂದ ಬುದ್ಧಿ ಒಟ್ಟಾರೆ ಚುರುಕಾಗುತ್ತದೆ ಎಂಬ ಜಾಹೀರಾತಿನ ಮಾತನ್ನು ಮಾತ್ರ ನಂಬಬೇಡಿ. ಇವತ್ತು ಎಷ್ಟನೇ ಎಲೆಗೆ ತಪ್ಪಿದಿರಿ ಎಂದು ಬರೆದಿಡಿ. ನಿದ್ದೆಗೆಟ್ಟ ಮರುದಿನ ಬೆಳಿಗ್ಗೆ ಅದೇ ಕಟ್ಟು ಹಿಡಿದು ಇನ್ನೊಮ್ಮೆ ನೋಡಿ.